ಎಲೆಯಡಿಯ ಚುಕ್ಕಿ

ಹೊಳೆದಂಡೆಯ ಆಶ್ರಮದ ಹಿಂದೆ, ನೇರಳೆಮರದ ನೆರಳಲ್ಲಿ, ಒಂದು ಪಾತಿ ಜರೀಗಿಡ ಇತ್ತು. ಬೇಸಿಗೆಯಲ್ಲಿ ಸುತ್ತಲಿನದೆಲ್ಲ ಒಣಗಿದರೂ ಅದು ಹಸಿರಾಗೇ ಇರುತ್ತಿತ್ತು.

ಗುಡ್ಡದ ಹಳ್ಳದಿಂದ ಅದನ್ನು ತಂದು ನೆಟ್ಟವರು, ಈಗ ಆಶ್ರಮ ನಡೆಸುವ ನೀಲಮ್ಮತಾಯಿಯ ಗುರುಗಳು. ಈಗ ಆ ಹಳ್ಳದಲ್ಲಿ ಆ ಜಾತಿಯ ಒಂದು ಗಿಡವೂ ಉಳಿದಿಲ್ಲ. ಇಲ್ಲಿ ಬೆಳೆಸಿ ಮತ್ತೆ ಅಲ್ಲಿಗೆ ಮುಟ್ಟಿಸಬೇಕೆಂಬುದು ತಾಯಿಯ ಆಸೆ.

ಒಂದು ಬೇಸಿಗೆ ತಾಯಿ ದೂರದ ಊರಿಗೆ ಹೊರಟರು. ಪಾತಿಯನ್ನು ಶಿಷ್ಯ ಕಲ್ಲಿನಾಥನಿಗೆ ಒಪ್ಪಿಸಿದರು. ಒಣಗಿದ ಎಲೆ ಕೊಯ್ಯಲು ಒಂದು ಕುಡುಗೋಲನ್ನೂ ಕೊಟ್ಟರು.

ಕಲ್ಲಿನಾಥ ಒಳ್ಳೆಯವನೇ. ಆದರೆ ಒಲೆ ಆರಿಸಿ ಬಂದ ಮೇಲೂ, ಆರಿಸಿದೆನೋ ಇಲ್ಲವೋ ಎಂದು ಮತ್ತೆ ಹೋಗಿ ನೋಡುವವರ ಪೈಕಿ.

"ನೀರು ಎಷ್ಟು ಹಾಕಲಿ ತಾಯೀ?"

"ಮಣ್ಣು ಮುಟ್ಟಿ ನೋಡು."

"ಬಿಸಿಲು ಜೋರಾದರೆ?"

"ಮರ ಇದೆಯಲ್ಲ."

"ಗಿಡ ಸತ್ತೇಹೋದರೆ ಏನು ಮಾಡಲಿ?"

ತಾಯಿ ಚೀಲವನ್ನು ಹೆಗಲಿಗೇರಿಸಿದರು. "ಬಸ್ಸಿಗೆ ಹೊತ್ತಾಯಿತು" ಎಂದು ಹೊರಟೇಬಿಟ್ಟರು.

ಕಲ್ಲಿನಾಥ ಮಣ್ಣು ಮುಟ್ಟಿ ನೋಡಿದ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಮುಟ್ಟಿದ. ಜಪಕ್ಕೆ ಕೂತರೂ ಮನಸ್ಸೆಲ್ಲ ಪಾತಿಯಲ್ಲೇ.

ಒಂದು ಬೆಳಿಗ್ಗೆ ಒಂದು ಎಲೆಯನ್ನು ತಿರುಗಿಸಿದ. ಕೆಳಗೆ ಕಂದು ಚುಕ್ಕಿಗಳಿದ್ದವು.

ಅವನು ಗಾಬರಿಯಾಗಿ ಪಕ್ಕದ ಎಲೆ ನೋಡಿದ. ಅಲ್ಲೂ ಚುಕ್ಕಿ. ಅದರ ಪಕ್ಕದ್ದರಲ್ಲೂ ಚುಕ್ಕಿ.

ರೋಗ ಬಿದ್ದಿದೆ, ಇದು ಹರಡುತ್ತದೆ ಎಂದುಕೊಂಡ. ಚುಕ್ಕಿ ಕಂಡ ಎಲೆಯನ್ನೆಲ್ಲ ಕೊಯ್ದು ಒಲೆಗೆ ಹಾಕಿದ. ಮರುದಿನ ಇನ್ನಷ್ಟು ಕಂಡವು. ಅವನ್ನೂ ಕೊಯ್ದ. ತಾಯಿ ಮರಳುವ ಹೊತ್ತಿಗೆ ಪಾತಿಯಲ್ಲಿ ಬರೀ ಬುಡಗಳಿದ್ದವು.

ಅವನು ಅವರ ಕಾಲಿಗೆ ಬಿದ್ದ. "ತಾಯೀ, ರೋಗ ಬಂತು. ಕೊಯ್ದು ಕೊಯ್ದು ಹಾಕಿದೆ. ಆದರೂ ಉಳಿಸಿಕೊಳ್ಳಲು ಆಗಲಿಲ್ಲ. ನನ್ನನ್ನು ಕಳಿಸಿಬಿಡಿ."

"ಎಂಥ ರೋಗ? ತೋರಿಸು."

"ಎಲ್ಲ ಸುಟ್ಟುಬಿಟ್ಟೆ."

ತಾಯಿ ಪಾತಿಯ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತರು. ಕಲ್ಲಿನ ಸಂದಿಗೆ ಕೈಹಾಕಿ ಒಂದು ಎಲೆಯನ್ನು ಹೊರಗೆಳೆದರು. ಕುಡುಗೋಲಿನ ಕಣ್ಣು ತಪ್ಪಿಸಿಕೊಂಡದ್ದು ಅದೊಂದೇ. ಅದನ್ನು ಕಿತ್ತು ಬೆನ್ನು ಮಗುಚಿದರು. ಚುಕ್ಕಿಗಳು ಎರಡು ಸಾಲಾಗಿ, ರಂಗೋಲಿಗೆ ಇಟ್ಟ ಹಾಗೆ ಇದ್ದವು.

"ರೋಗ ಇಷ್ಟು ಸಾಲಾಗಿ ಬರುತ್ತೇನಪ್ಪಾ?"

ಕಲ್ಲಿನಾಥ ಬಗ್ಗಿ ಎಲೆಯನ್ನು ನೋಡಿದ.

ಕೊಳೆ, ಬೂಷ್ಟು ಹೋಗಲೆಂದು ತಾಯಿ ಒಂದು ಇಟ್ಟಿಗೆಯ ಮೇಲೆ ಕುದಿಯುವ ನೀರು ಸುರಿದರು. ಅದು ಆರಿದ ಮೇಲೆ, ಎಲೆಯನ್ನು ಅದರ ಮೇಲೆ ಮೆಲ್ಲಗೆ ಕೊಡವಿದರು. ಕಂದು ಧೂಳು ಉದುರಿತು. ಇಟ್ಟಿಗೆಯನ್ನು ನೀರಿನ ತಟ್ಟೆಯಲ್ಲಿಟ್ಟು, ಮೇಲೆ ಗಾಜಿನ ಭರಣಿ ಬೋರಲು ಹಾಕಿ, ಮರದ ನೆರಳಿಗೆ ಸರಿಸಿದರು.

"ಈ ಗಿಡಕ್ಕೆ ಇದೇ ಬೀಜ" ಎಂದರು.

ಒಲೆಗೆ ಹಾಕಿದ ಎಲೆಗಳೆಲ್ಲ ಕಲ್ಲಿನಾಥನ ಕಣ್ಣ ಮುಂದೆ ಬಂದವು. ದುಃಖ ತಡೆಯಲಾಗಲಿಲ್ಲ. ಸಿಟ್ಟೂ ಬಂತು.

"ಇದನ್ನು ಮೊದಲೇ ಯಾಕೆ ಹೇಳಲಿಲ್ಲ ತಾಯೀ?"

"ಸತ್ತರೆ ಏನು ಮಾಡಲಿ ಅಂತ ಕೇಳಿದೆ. ಬದುಕಿದರೆ ಹೇಗಿರುತ್ತೆ ಅಂತ ನೀನು ಕೇಳಲೇ ಇಲ್ಲ."

ಮಳೆ ಹಿಡಿಯಿತು. ಕಲ್ಲಿನಾಥ ದಿನವೂ ಭರಣಿಯ ಮುಂದೆ ಕೂತ. ಏನೂ ಕಾಣಲಿಲ್ಲ. ಉಳಿದದ್ದು ಅದೊಂದೇ ಎಲೆಯ ಬೀಜ, ಅದೂ ಹೋದರೆ ಗತಿಯೇನು ಎಂದು ಊಟ ಸೇರಲಿಲ್ಲ.

ಒಂದು ದಿನ ಓಡಿಬಂದ. "ತಾಯೀ, ಇಟ್ಟಿಗೆಗೆ ಪಾಚಿ ಕಟ್ಟಿದೆ. ತೊಳೆದುಬಿಡಲಾ?"

"ನಿನಗೇನು ಅನಿಸುತ್ತೆ?"

"ಭಯ ಆಗುತ್ತೆ."

"ಭಯಪಡ್ತಾ ಕೂತಿರು. ಇಟ್ಟಿಗೆ ಮಾತ್ರ ಮುಟ್ಟಬೇಡ."

ಅವನು ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಕೂತ. ಮಳೆಗಾಲ ಕಳೆಯುವ ಹೊತ್ತಿಗೆ ಆ ಪಾಚಿಯೊಳಗಿಂದ ಉಗುರಿಗಿಂತ ಸಣ್ಣ ಎಲೆಗಳೆದ್ದವು. ಪಾತಿಯ ಬುಡಗಳೂ ಅಷ್ಟರಲ್ಲಿ ಸುರುಳಿ ಬಿಚ್ಚಿದ್ದವು. ಆವತ್ತು ಕಲ್ಲಿನಾಥ ಹೊಟ್ಟೆತುಂಬ ಉಂಡ.

ಮತ್ತೆ ಬೇಸಿಗೆ ಬಂತು. ಸಸಿಗಳೀಗ ಕುಂಡದಲ್ಲಿದ್ದವು. ಬರುವ ಮಳೆಗೆ ಅವು ಗುಡ್ಡದ ಹಳ್ಳ ಸೇರಬೇಕು. ಅಷ್ಟರಲ್ಲಿ ತಾಯಿಗೆ ಮತ್ತೆ ಪ್ರಯಾಣ ಬಂತು.

ಕಲ್ಲಿನಾಥ ಬಾಗಿಲಲ್ಲಿ ಅಡ್ಡ ನಿಂತ. ಕೈಯಲ್ಲಿ ಕುಡುಗೋಲಿತ್ತು.

"ಪಾತಿಯಲ್ಲಿ ಮತ್ತೆ ಚುಕ್ಕಿ ಬಂದಿವೆ ತಾಯೀ."

"ಅವು ಏನು ಅಂತ ಗೊತ್ತಲ್ಲ?"

"ಗೊತ್ತು. ಗೊತ್ತಿದ್ದರೂ ನೋಡಿದಾಗೆಲ್ಲ ಎದೆ ಹೊಡೆದುಕೊಳ್ಳುತ್ತೆ."

"ಹೊಡೆದುಕೊಳ್ಳಲಿ."

"ನನ್ನ ಕೈಯನ್ನು ನಾನು ನಂಬಲಾರೆ." ಅವನು ಕುಡುಗೋಲನ್ನು ಮುಂದೆ ಚಾಚಿದ. "ಇದನ್ನು ನೀವೇ ತಗೊಂಡು ಹೋಗಿ. ಇದು ಇಲ್ಲದಿದ್ದರೆ ಗಿಡ ಉಳಿಯುತ್ತೆ."

ತಾಯಿ ಕುಡುಗೋಲನ್ನು ತೆಗೆದುಕೊಂಡರು. ಅದರ ಬಾಯಿಯನ್ನು ಸೆರಗಿನಲ್ಲಿ ಒರೆಸಿ, ತಿರುಗಿ ಅವನ ಕೈಯಲ್ಲೇ ಇಟ್ಟು, ಬೆರಳುಗಳನ್ನು ಮಡಚಿದರು.

"ಒಣಗಿದ ಎಲೆ ಕೊಯ್ಯೋದಕ್ಕೂ ಇದೇ ಬೇಕಲ್ಲ. ಇದನ್ನು ನಾನು ಒಯ್ದರೆ, ಪಾತಿ ಕಾಯೋರು ಯಾರಪ್ಪಾ?"