ಉಪ್ಪುಕಡಲಿನ ತಳದಲ್ಲಿ ಸಿಹಿನೀರು

ಜಗತ್ತಿನ್ನೂ ಹಸಿಮಣ್ಣಾಗಿದ್ದಾಗ ಮರಳುನಾಡಿನಲ್ಲೂ ಒಬ್ಬಳು ನದಿ ಇದ್ದಳು. ಹೌದು, ಮರಳುನಾಡಿನಲ್ಲೇ. ಅವಳ ಕಷ್ಟವೆಲ್ಲ ಸೂರ್ಯನಿಂದ. ಅವನಾಗ ಎಳೆಯ, ಎಷ್ಟು ಕುಡಿದರೆ ಸಾಕು ಅನ್ನುವುದು ಗೊತ್ತಿರಲಿಲ್ಲ.

ಇವತ್ತೊಂದು ಗುಟುಕು, ನಾಳೆಯೊಂದು ಗುಟುಕು. ನದಿ ತೊರೆಯಾದಳು, ತೊರೆ ಹಳ್ಳವಾದಳು. ಹೆದರಿ ಓಡಿದಳು. ಬಿಸಿಗಾಳಿ ಮೂಸುತ್ತ ಹಿಂದೆಯೇ ಬಂದು ಸೂರ್ಯನಿಗೆ ಚಾಡಿ ಹೇಳಿತು. ಮರಳುದಿಬ್ಬದ ಕೆಳಗೆ ಅಡಗಿದರೆ ದಿಬ್ಬವನ್ನೇ ಊದಿ ಸರಿಸಿತು. ಖರ್ಜೂರದ ಬುಡದಲ್ಲಿ ಅಡಗಿದರೆ ಮರವೇ ಅರ್ಧ ಕುಡಿಯಿತು. ಪಾಪ, ಅದಕ್ಕೂ ಬಾಯಾರಿತ್ತು.

ಕೊನೆಗೆ ಕಡಲಂಚಿನ ಗುಡಾರವೊಂದಕ್ಕೆ ನುಸುಳಿ ನಡುಗಂಬವನ್ನು ತಬ್ಬಿಕೊಂಡಳು. ಒಳಗೆ ಹೆಸ್ಸಾ ಎಂಬ ತಾಯಿ. ಮಡಿಲಲ್ಲಿ ಮಗಳು ದಾನಾ. ತುಟಿ ಒಡೆದು, ಅಳುವುದನ್ನೂ ಬಿಟ್ಟಿದ್ದಳು. ಗುಡಾರದಲ್ಲಿ ಹನಿ ನೀರಿರಲಿಲ್ಲ.

"ಅಕ್ಕಾ, ಆಸರೆ ಕೊಡು."

ಆ ನಾಡಿನ ಕಟ್ಟಳೆ ಹೀಗೆ: ಕಂಬ ಮುಟ್ಟಿ ಆಸರೆ ಕೇಳಿದವರನ್ನು ಹಗೆಗೆ ಒಪ್ಪಿಸುವಂತಿಲ್ಲ. ಅವರಿಂದ ಏನನ್ನೂ ಕಿತ್ತುಕೊಳ್ಳುವಂತಿಲ್ಲ, ಬೇಡುವಂತಿಲ್ಲ.

ಹೆಸ್ಸಾಳ ಕೈ ನೀರಿನವರೆಗೂ ಹೋಯಿತು. ಹಿಂದೆ ಬಂತು.

"ಕೂತ್ಕೋ," ಅಂದಳು.

ಹೊರಗೆ ಗಾಳಿ ಗುಡಾರವನ್ನು ಸುತ್ತಿತು. ಹಗ್ಗಗಳು ಕಿರುಗುಟ್ಟಿದವು. ಸೂರ್ಯ ಬಾಗಿಲಿಗೇ ಬಗ್ಗಿದ.

"ಎಂಥ ತಾಯಮ್ಮ ನೀನು," ಗಾಳಿ ಹಂಗಿಸಿತು. "ಮಗು ಬಾಯಾರಿ ಸಾಯ್ತಿದೆ, ನೀನು ನೀರಿಗೆ ಉಪಚಾರ ಮಾಡ್ತಿದ್ದೀಯ."

"ಅತಿಥಿಯನ್ನ ಕುಡಿದವಳ ಮಗಳು ಅನ್ನಿಸಿಕೊಂಡು ಅವಳು ಬಾಳೋದು ಬೇಡ."

ಹೆಸ್ಸಾ ಬಾಗಿಲ ಕಂಬಳಿಯನ್ನು ಎರಡೂ ಕೈಯಲ್ಲಿ ಹಿಡಿದಳು. ಅಂಗೈ ಸುಟ್ಟಿತು. ಬಿಡಲಿಲ್ಲ. ತಿರುಗಿ ನೋಡದೆಯೇ ನದಿಗೆ ಪಿಸುಗುಟ್ಟಿದಳು: ಹಿಂದೆ ಕಡಲಿದೆ, ಅದರ ತಳದ ಬಂಡೆಯ ಕೆಳಗೆ ಹೊಕ್ಕುಬಿಡು, ಉಪ್ಪಿನೊಳಗೆ ಸಿಹಿಯನ್ನು ಯಾರೂ ಹುಡುಕುವುದಿಲ್ಲ.

ಕಂಬಳಿ ಹರಿಯಿತು. ಸೂರ್ಯ ಒಳನುಗ್ಗಿದ. ಒದ್ದೆ ಮರಳು, ಅಷ್ಟೆ. ನಾಡೆಲ್ಲ ತಡಕಿದ. ಕಡಲನ್ನೂ ನೆಕ್ಕಿ ನೋಡಿ, ಥೂ ಎಂದು ಉಗುಳಿ, ಪಡುವಣಕ್ಕೆ ಹೊರಟ.

ದಾನಾಳ ಉಸಿರು ದಾರದಷ್ಟಾಗಿತ್ತು. ಹೆಸ್ಸಾ ಅವಳನ್ನೆತ್ತಿಕೊಂಡು ದಡಕ್ಕೆ ಬಂದಳು. ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಬಂದಳು. ಸ್ವಲ್ಪ ದೂರದಲ್ಲಿ ಕಡಲು ಗುಳುಗುಳು ಅಂದಿತು.

"ಅಕ್ಕಾ, ನಾನೀಗ ನಿನ್ನ ಅತಿಥಿ ಅಲ್ಲ. ಇದು ನನ್ನ ಮನೆ, ಅತಿಥಿ ನೀನು. ತೊಗಲಚೀಲ ತಗೊಂಡು ಬಾ."

ಹೆಸ್ಸಾ ಮಗುವನ್ನು ದಡದಲ್ಲಿ ಮಲಗಿಸಿ, ಚೀಲ ತಂದು ಮುಳುಗಿದಳು. ತಳದ ಬಂಡೆಯ ಬಿರುಕಿಗೆ ಚೀಲದ ಬಾಯಿ ಒತ್ತಿದಳು. ದಾನಾ ಮೊದಲ ಗುಟುಕಿಗೆ ಕೆಮ್ಮಿದಳು, ಎರಡನೆಯದಕ್ಕೆ ಜೋರಾಗಿ ಅತ್ತಳು.

ಅದಕ್ಕೇ ಮಗು, ಭೂಪಟದಲ್ಲಿ ಆ ನಾಡಿನ ಮೇಲೆ ನದಿಯ ಒಂದು ಗೆರೆಯೂ ಇಲ್ಲ; ಆದರೆ ಅಲ್ಲಿಯ ಉಪ್ಪುಕಡಲು ಕೆಲವೆಡೆ ಒಲೆಯಿಲ್ಲದೆ ಕುದಿಯುವಂತೆ ಕಾಣುತ್ತದೆ, ಅಲ್ಲಿ ಮುಳುಗಿ ತಂದ ನೀರು ಇಂದಿಗೂ ಸಿಹಿ.