ಮಾರಿ ಉಳಿದ ಹಾಲು

"ನಿನ್ನ ಕೆಚ್ಚಲೋ ಒಂದು ಹಿಡಿ. ನೀನು ವ್ಯಾಪಾರ ಮಾಡಿ ಬದುಕುವುದುಂಟೇ?" ಎಂದು ಆಡನ್ನು ಹೀಯಾಳಿಸಿದ್ದು ಪಕ್ಕದ ಕೊಟ್ಟಿಗೆಯ ಎಮ್ಮೆ. ಆಡು ಬೆಳಗ್ಗೆ ಕರೆದ ಹಾಲನ್ನು ಬೆಳಗ್ಗೆಯೇ ಮಾರಿತು, ಬಂದ ದುಡ್ಡಿಗೆ ಸಂಜೆಯೇ ಹುಲ್ಲು ಕೊಂಡಿತು. ಆ ಹುಲ್ಲು ಮರುದಿನ ಹಾಲಾಯಿತು.

ಎಮ್ಮೆಯ ರೀತಿ ಬೇರೆ. ಬೆಲೆ ಏರಲಿ ಎಂದು ಅರ್ಧ ಹಾಲನ್ನು ತುಪ್ಪ ಮಾಡಿ ಗಡಿಗೆಗಳಲ್ಲಿ ತುಂಬಿಟ್ಟಿತು. ಉಳಿದದ್ದನ್ನು ಬೆಕ್ಕಿಗೆ ಉದ್ದರಿ ಕೊಟ್ಟಿತು. ದೊಡ್ಡವರು ಬಾಕಿ ಕೇಳಲು ಹೋಗುತ್ತಾರೆಯೇ?

ಆಡು ಹೋಗುತ್ತಿತ್ತು. "ನಾಳೆ ಬಾರಕ್ಕ" ಎಂದು, ಆಡಿನ ಹಾಲನ್ನೂ ಕೊಳ್ಳುತ್ತಿದ್ದ ಬೆಕ್ಕು ಬಾಗಿಲು ಹಾಕಿಕೊಂಡರೆ, "ನಾಳೆಯದು ಬೇರೆ ಹಾಲು, ಬೇರೆ ದುಡ್ಡು. ಇವತ್ತಿನದು ಇವತ್ತೇ ಕೊಡಪ್ಪ" ಎಂದು ಕದಕ್ಕೆ ಗುದ್ದುತ್ತಿತ್ತು. ಒಮ್ಮೆ ಗುದ್ದಿದ ರಭಸಕ್ಕೆ ಒಂದು ಕೊಂಬೇ ಮುರಿಯಿತು. ಬೆಕ್ಕು ಬೆಚ್ಚಿ ದುಡ್ಡು ಎಣಿಸಿತು.

ಬೇಸಿಗೆ ಬಂತು. ಹುಲ್ಲು ಮಾರುವ ಕತ್ತೆ, ಕೈಯಲ್ಲಿ ಕಾಸಿದ್ದವರಿಗಷ್ಟೇ ಹೊರೆ ಇಳಿಸುವೆನೆಂದಿತು.

"ನನ್ನ ಗಡಿಗೆಗಳೆಲ್ಲ ತುಂಬಿವೆ," ಎಂದಿತು ಎಮ್ಮೆ.

ಕತ್ತೆ ಮೂಸಿ ನೋಡಿತು. "ಕಮಟು ತುಪ್ಪ ಯಾರಿಗೆ ಬೇಕು, ಎಮ್ಮಕ್ಕ?"

ಎಮ್ಮೆ ಬೆಕ್ಕಿನ ಮನೆಗೆ ಓಡಿತು. "ನಾಳೆ ಬಾರಕ್ಕ," ಎಂದಿತು ಬೆಕ್ಕು.

ಅಷ್ಟರಲ್ಲಿ ಆಡು ಹುಲ್ಲನ್ನೆಲ್ಲ ಕೊಂಡಾಗಿತ್ತು. ಹಸಿದ ಎಮ್ಮೆಗೂ ಒಂದು ಹೊರೆ ಹಾಕಿತು, ಆದರೆ ಬಿಟ್ಟಿ ಹಾಕಲಿಲ್ಲ. ಕೊಟ್ಟಿಗೆ ಬರೆಸಿಕೊಂಡೇ ಹಾಕಿತು.

ಈಗ ಎರಡು ಕೊಟ್ಟಿಗೆಗಳೂ ಒಂದು ಬಣವೆ ಹುಲ್ಲೂ ಆಡಿನವು. ಅದಕ್ಕೆ ತೆತ್ತದ್ದು ಒಂದು ಕೊಂಬು, ಮತ್ತೆ, ಕೆಚ್ಚಲಿಗೆ ಬಾಯಿ ಹಾಕಲು ಬಂದ ಮರಿಗೆ ದಿನಾ ಬೆಳಗ್ಗೆ ಹೇಳಿದ ಮಾತು: "ಮಾರಿ ಉಳಿದರೆ ನಿನಗೆ, ಮಗಾ."