ಅಶ್ವತ್ಥರಾಯರ ಜಲತರಂಗ

ವಕೀಲ ಅಶ್ವತ್ಥರಾಯರಿಗೂ ಅವರ ಗೆಳೆಯರಿಗೂ ಯಾರೂ ನುಡಿಸದ ವಾದ್ಯಗಳನ್ನು ಕೂಡಿಹಾಕುವ ಹುಚ್ಚು. ಭಾನುವಾರ ಒಬ್ಬೊಬ್ಬರ ಮನೆಯಲ್ಲಿ ಕಛೇರಿ. ನುಡಿಸುವುದಕ್ಕೆ ಎಲ್ಲರೂ ತಯಾರು, ಕೇಳುವುದಕ್ಕೆ ಯಾರೂ ಇಲ್ಲ. ಹೋದ ಸಲ ರಾಯರು ಜಲತರಂಗ ಬಾರಿಸಿ ಕಣ್ಣು ಬಿಟ್ಟಾಗ ಎದುರಿಗೆ ಜಮಖಾನ ಮಾತ್ರ ಉಳಿದಿತ್ತು.

ಈ ಸಲ ಅಡುಗೆಭಟ್ಟನನ್ನು ಕರೆದರು. "ಇವತ್ತು ಒಬ್ಬ ಮಧ್ಯದಲ್ಲಿ ಎದ್ದುಹೋದರೂ ನೀನು ಗಂಟುಮೂಟೆ ಕಟ್ಟು."

"ಆಗಲಿ ಸ್ವಾಮಿ. ಜಲತರಂಗದ ಬಟ್ಟಲುಗಳಿಗೆ ನೀರು ತುಂಬುವ ಕೆಲಸ ನನಗೇ ಇರಲಿ."

ಸಂಜೆ ಬಾಗಿಲಲ್ಲಿ ನಿಂತು ಭಟ್ಟ ಬಂದವರೆಲ್ಲರ ಕಿವಿಯಲ್ಲಿ ಏನೋ ಉಸುರಿದ. ರಾಯರು ಎಂದಿನಂತೆ ಕಣ್ಣು ಮುಚ್ಚಿ ಬಾರಿಸಿದರು. ನಾದ ಸ್ವಲ್ಪ ಮಂದವಾಗಿತ್ತು. ಆದರೆ ಒಬ್ಬರೂ ಅಲುಗಾಡಲಿಲ್ಲ. ಮಂಗಳ ಮುಗಿದದ್ದೇ ತಡ, ಎಲ್ಲರೂ ಮುಂದೆ ಬಂದು ಒಂದೊಂದು ಬಟ್ಟಲು ಎತ್ತಿಕೊಂಡು ಕುಡಿದುಬಿಟ್ಟರು.

ರಾಯರು ಉಳಿದ ಬಟ್ಟಲಿಗೆ ಬೆರಳದ್ದಿ ನೆಕ್ಕಿದರು. ಗಸಗಸೆ ಪಾಯಸ.

"ಏನೋ ಇದು?"

"ಯಾರೂ ಏಳಲಿಲ್ಲವಲ್ಲ ಸ್ವಾಮಿ."

ರಾಯರು ಇನ್ನೊಮ್ಮೆ ನೆಕ್ಕಿದರು.

ಮಾರನೆಯ ಬೆಳಿಗ್ಗೆ ಹಿತ್ತಲ ಬಾಗಿಲಲ್ಲಿ ರಾಯರ ಗೆಳೆಯ ಶೇಷಪ್ಪನವರು ನಿಂತಿದ್ದರು. ಅವರದು ನಗಾರಿ. ಅದರ ಸದ್ದಿಗೆ ಕೇರಿಯೇ ಖಾಲಿಯಾಗುತ್ತಿತ್ತು.

"ಭಟ್ಟರೇ," ಎಂದರು ಮೆಲ್ಲಗೆ, "ಮುಂದಿನ ವಾರ ನನ್ನ ಕಛೇರಿ. ನಗಾರಿಯ ಚರ್ಮ ಬಿಚ್ಚಿಸಿಟ್ಟಿದ್ದೇನೆ. ಬಿಸಿಬೇಳೆ ಅನ್ನ ಎಷ್ಟು ಹಿಡಿಸೀತು, ಬಂದು ನೋಡುತ್ತೀರಾ?"